ಮಳೆಗಾಲದಾಗ ವೆಲ್ಡಿಂಗ್: ಕರೆಂಟ್, ಗ್ಯಾಸ್ ಎರಡೂ ನೋಡ್ಕೊಳ್ರಿ

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರೋಡ್ ಕಡೆ ಶೆಡ್‌ನಾಗ ವೆಲ್ಡಿಂಗ್ ಮಾಡೋರು ಗಮನಿಸ್ರಿ. ಆರ್ಕ್ (ವೆಲ್ಡಿಂಗ್ ಕಿಡಿ) ಹೊತ್ತದೇ ಇದ್ದಾಗಲೇ ರಾಡ್ ಹಿಡಿಯೋ ಹೋಲ್ಡರ್‌ನಾಗ ವೋಲ್ಟೇಜ್ ಹೆಚ್ಚು. ಹಳೆ ಟ್ರಾನ್ಸ್‌ಫಾರ್ಮರ್ ಮಷಿನ್‌ನಾಗ 80 ವೋಲ್ಟ್ ತನಕ ಇರ್ತದ. ಬೆವರಿಗೆ ತೊಯ್ದ ಕೈಗವಸು, ಹಸಿ ನೆಲ ಎರಡೂ ಸೇರಿದರ ಜೀವ ಹೋಗಲಿಕ್ಕೆ ಅಷ್ಟೇ ಸಾಕು. ರಾಡ್ ಬದಲಿಸುವಾಗ ಒಣ ಕೈಗವಸು ಇರಲೇಬೇಕು, ಕಾಲಡಿ ಒಣ ಹಲಗಿ ಹಾಕ್ರಿ. ಅರ್ಥಿಂಗ್ ಕ್ಲ್ಯಾಂಪ್ ಶೆಡ್ಡಿನ ಕಂಬಕ್ಕ ಹಚ್ಚಬ್ಯಾಡ್ರಿ, ಕರೆಂಟ್ ಸಿಕ್ಕ ದಾರಿ ಹಿಡೀತದ, ಸರಪಳಿ, ಬೇರಿಂಗ್ ಎಲ್ಲಾ ಸುಡ್ತದ. ಜಾಬಿನ (ವೆಲ್ಡ್ ಮಾಡೋ ತುಂಡಿನ) ಬಣ್ಣ, ತುಕ್ಕು ಕೆರೆದು ಕ್ಲ್ಯಾಂಪ್ ಅದಕ್ಕೇ ಹಚ್ರಿ.

ಗ್ಯಾಸ್ ಕಟಿಂಗ್ ಇದ್ದರ, ಆಕ್ಸಿಜನ್ ರೆಗ್ಯುಲೇಟರ್‌ಗೆ ಗ್ರೀಸ್, ಎಣ್ಣಿ ಹನಿಯೂ ತಾಗಬಾರದು; ಒತ್ತಡದ ಆಕ್ಸಿಜನ್‌ನಾಗ ಅದು ತಾನೇ ಹೊತ್ತಿ ಸಿಡೀಬಹುದು. ಅಸಿಟಿಲೀನ್ ಸಿಲಿಂಡರ್ ನೆಟ್ಟಗ ನಿಲ್ಲಿಸಿ ಸರಪಳಿ ಕಟ್ರಿ, ಮಲಗಿಸಿದರ ಒಳಗ ಗ್ಯಾಸ್ ಕರಗಿಸಿಟ್ಟ ಅಸಿಟೋನ್ ದ್ರವ ಹೋಸಿಗೆ (ಪೈಪಿಗೆ) ಬರ್ತದ. ಹೋಸಿನಾಗ ಅಸಿಟಿಲೀನ್ ಒತ್ತಡ 1 ಬಾರ್ ದಾಟಬಾರದು. ಜಾಯಿಂಟಿಗೆ ಸಾಬೂನು ನೀರು ಹಚ್ಚಿ ಗುಳ್ಳಿ ಏಳ್ತಾವೇನು ನೋಡ್ರಿ, ಎದ್ದರ ಗ್ಯಾಸ್ ಸೋರ್ತದ ಅಂತ ಅರ್ಥ.