ಎರಡು ಕಡೆ ಒಂದೇ ಶಬ್ದ

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಗುಲಾಮಳಾಗಿದ್ದ ಕವಿ ಫಿಲಿಸ್ ವೀಟ್ಲಿಯ ಇಂಗ್ಲಿಷ್ ಕವಿತೆಯೊಂದನ್ನು ತರಗತಿಗಾಗಿ ಕನ್ನಡಕ್ಕೆ ತರುವಾಗ ನಾನು ಎಡವಿದ್ದು ಹೊಗಳಿಕೆಯ ಭಾಗದಲ್ಲಿ. 1772ರಲ್ಲಿ ಬ್ರಿಟನ್ನಿನ ವಸಾಹತು ಖಾತೆಯ ಸಚಿವನಾದ ಅರ್ಲ್ ಆಫ್ ಡಾರ್ಟ್‌ಮತ್‌ನನ್ನು ಕುರಿತ ಸ್ತುತಿ ಅದು, 43 ಸಾಲು. ಸ್ವಾತಂತ್ರ್ಯದೇವತೆ ಉದಯಿಸುತ್ತಾಳೆ, ಬಣ ರಾಜಕೀಯ ಬೆಳಕು ಕಂಡ ಗೂಬೆಯಂತೆ ಗವಿ ಸೇರುತ್ತದೆ, ಸಚಿವನ ಕೈಯಲ್ಲಿ ರೇಷ್ಮೆಯ ಲಗಾಮು. ಹೊಗಳುಭಟ್ಟರ ಮಾತೆಂದುಕೊಂಡು ಮೊದಲ 19 ಸಾಲುಗಳನ್ನು ಸರಸರನೆ ಮುಗಿಸಿ, ಆಕೆ ತನ್ನ ಕಥೆ ಹೇಳುವ 20ನೆಯ ಸಾಲಿಗೆ ಓಡಿದೆ.

ಆ ಭಾಗ ಯಾರನ್ನೂ ಹಿಡಿದು ನಿಲ್ಲಿಸುತ್ತದೆ. ಸ್ವಾಮಿ, ಸ್ವಾತಂತ್ರ್ಯದ ಮೇಲೆ ನನಗೆ ಈ ಪ್ರೀತಿ ಎಲ್ಲಿಂದ ಬಂತೆಂದು ನಿಮಗೆ ಅಚ್ಚರಿಯಾದೀತು, ಎಳೆಯ ವಯಸ್ಸಿನಲ್ಲೇ ನನ್ನನ್ನು ಆಫ್ರಿಕಾದಿಂದ ಕಿತ್ತು ತಂದರು, ಎನ್ನುತ್ತಾಳೆ. ಹೆತ್ತವರ ಎದೆಯಲ್ಲಿ ಎಂಥ ಸಂಕಟವಿದ್ದೀತು ಎಂದು ಕೇಳುತ್ತಾಳೆ. ಆಮೇಲೆ 'ಇದೇ, ಇದೇ ನನ್ನ ಸ್ಥಿತಿ'. 1761ರಲ್ಲಿ ಬಾಸ್ಟನ್ನಿನಲ್ಲಿ ಮಾರಾಟವಾದಾಗ ಆ ಮಗುವಿನ ಮುಂಬದಿಯ ಹಾಲುಹಲ್ಲುಗಳು ಬಿದ್ದಿದ್ದವು. ಅದನ್ನು ನೋಡಿಯೇ ಏಳೆಂಟು ವರ್ಷವೆಂದು ಅಂದಾಜಿಸಿದರು. ಫಿಲಿಸ್ ಎಂಬುದು ಆಕೆಯನ್ನು ಹೊತ್ತು ತಂದ ಹಡಗಿನ ಹೆಸರು.

ಕರಡು ಮುಗಿದ ಮೇಲೆ ಮೂಲವನ್ನು ಪಕ್ಕದಲ್ಲಿಟ್ಟು ಪೆನ್ಸಿಲ್ ಹಿಡಿದು ಓದಿದೆ. ನಾಲ್ಕನೆಯ ಸಾಲಿನಲ್ಲಿ ಡಾರ್ಟ್‌ಮತ್‌ನ ಸುಖಕರ 'ಸ್ವೇ' (ಅಧಿಕಾರ ನಡೆಸುವುದು ಎಂಬರ್ಥದ ಇಂಗ್ಲಿಷ್ ಶಬ್ದ). 31ನೆಯ ಸಾಲಿನಲ್ಲಿ, ಇತರರಿಗೆ ಎಂದೂ ಬಾರದಿರಲಿ ಎಂದು ಆಕೆ ಬೇಡಿಕೊಳ್ಳುವ ಕ್ರೂರ 'ಸ್ವೇ'. ಅದೇ ಶಬ್ದ! ನಾನು ಮೊದಲನೆಯದನ್ನು ಆಡಳಿತ ಎಂದೂ ಎರಡನೆಯದನ್ನು ದಬ್ಬಾಳಿಕೆ ಎಂದೂ ಬರೆದು ಆ ನಂಟನ್ನೇ ಕತ್ತರಿಸಿದ್ದೆ. ಎರಡೂ ಕಡೆ 'ಆಳ್ವಿಕೆ' ಎಂದು ತಿದ್ದಿದೆ. ಆಗ ರೇಷ್ಮೆಯ ಲಗಾಮೂ ಬೇರೆಯಾಗಿ ಕಂಡಿತು: ರೇಷ್ಮೆಯದಾದರೂ ಲಗಾಮೇ. ಕೆಲವೇ ಸಾಲುಗಳ ನಂತರ ಕಬ್ಬಿಣದ ಸರಪಳಿ ಬರುತ್ತದೆ, ಅಮೆರಿಕವನ್ನು ಗುಲಾಮಗಿರಿಗೆ ತಳ್ಳಲು ಮಾಡಿದ್ದು. ಬ್ರಿಟನ್ನಿನ ಅಧೀನದಲ್ಲಿದ್ದ ಅಮೆರಿಕದ ವಸಾಹತಿನವರು ತಮ್ಮ ರಾಜಕೀಯ ಭಾಷಣಗಳಲ್ಲಿ ಬಳಸುತ್ತಿದ್ದ ಆ ರೂಪಕವನ್ನು ಇಲ್ಲಿ ಬಳಸಿದವಳು ನಿಜವಾಗಿಯೂ ಗುಲಾಮಳು.

ಇನ್ನೊಂದು ತಪ್ಪೂ ಆಗಿತ್ತು. ಆಕೆ ತನ್ನ ವಿಧಿಯನ್ನು ಕ್ರೂರವೆಂದು ನೇರವಾಗಿ ಹೇಳುವುದಿಲ್ಲ, 'ಕ್ರೂರವೆಂದು ತೋರುವ' ವಿಧಿ ಎನ್ನುತ್ತಾಳೆ. ಕನ್ನಡದ ಓಟಕ್ಕೆ ಅಡ್ಡಿಯೆಂದು 'ತೋರುವ' ಎಂಬುದನ್ನು ನಾನು ಬಿಟ್ಟುಬಿಟ್ಟಿದ್ದೆ. ಅದು ದೈವಭಕ್ತಿಯ ಮಾತು ಎನ್ನುವವರಿದ್ದಾರೆ, ಇರಬಹುದು. ಆದರೆ ಒಡೆಯನ ಮನೆಯಲ್ಲೇ ಇದ್ದು ಬರೆದವಳು ಆಕೆ. 1773ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆಕೆಯ ಸಂಕಲನದಲ್ಲಿ, ಇವು ಇವಳೇ ಬರೆದ ಕವಿತೆಗಳೆಂದು ಬಾಸ್ಟನ್ನಿನ 18 ಗಣ್ಯರು ಸಹಿ ಹಾಕಿದ ದೃಢೀಕರಣವೂ ಅಚ್ಚಾಗಿದೆ. ಅಂಥ ಕಾವಲಿನಲ್ಲಿ ಬರೆಯುವವಳ ಎಚ್ಚರವನ್ನು ತೆಗೆದುಹಾಕುವ ಹಕ್ಕು ಅನುವಾದಕನಿಗಿಲ್ಲ. 'ತೋರುವ' ಮರಳಿ ಬಂತು, ಸಾಲು ಕುಂಟಿದರೂ ಚಿಂತೆಯಿಲ್ಲ.

ಈಗ ಪಾಠದ ಮೊದಲ ದಿನ ಗೂಬೆ, ಲಗಾಮು, ಸರಪಳಿಗಳಲ್ಲೇ ಕಳೆಯುತ್ತದೆ. 'ಆಳ್ವಿಕೆ'ಯ ಕೆಳಗೆ ಗೆರೆ ಎಳೆಯಲು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. 20ನೆಯ ಸಾಲನ್ನು ಎತ್ತಿಕೊಳ್ಳುವುದು ಮರುದಿನ.