ಹಬ್ಬದ ಊಟಕ್ಕೆ ನಾನು ಮನೆಯಲ್ಲೇ ಉಂಡು ಹೋಗುತ್ತೇನೆ

ನೆಂಟರೆಲ್ಲ ಸೇರಿದ ಮನೆಯ ಬಾಗಿಲು ದಾಟುವಾಗಲೇ ನನಗೆ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ನಾಲ್ಕೈದು ಅಡುಗೆಗಳ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಒಂದು ಕಡೆ ಟಿವಿ, ಇನ್ನೊಂದು ಕಡೆ ಕುರ್ಚಿ ಎಳೆಯುವ ಸದ್ದು, ನಡುವೆ ಇಪ್ಪತ್ತು ಜನರ ಮಾತು. ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಅಲ್ಲಿವರೆಗೆ ನಾನು ಎಲ್ಲರ ಬಾಯಲ್ಲೂ ಊಟಕ್ಕೆ ಸತಾಯಿಸುವ ಹುಡುಗ.

ಒಂದು ಹಬ್ಬದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಟ್ಟೆಯ ಅಂಚಿನಲ್ಲಿ ಗರಿಗರಿಯಾದದ್ದೊಂದನ್ನು ಇಟ್ಟುಕೊಂಡಿದ್ದೆ. ಅವತ್ತು ನಾನು ತಿನ್ನಬಹುದಾಗಿದ್ದು ಅದೊಂದೇ. ಯಾರೋ ಪ್ರೀತಿಯಿಂದ ಪಕ್ಕದಲ್ಲಿ ತೆಳ್ಳಗಿನದೇನೋ ಬಡಿಸಿದರು. ಅದು ಮೆಲ್ಲಗೆ ಹರಿದು ಬಂದು ನನ್ನ ತುಂಡಿನ ತುದಿಗೆ ತಾಗಿತು. ತುದಿ ನೆನೆದು ಬಣ್ಣ ತಿರುಗುವುದನ್ನೇ ನೋಡುತ್ತಾ ಕೂತೆ. ಒಂದೇ ತುತ್ತಿನಲ್ಲಿ ಅರ್ಧ ಗರಿಗರಿ, ಅರ್ಧ ಮೆತ್ತಗೆ ಸಿಕ್ಕರೆ ನನ್ನ ಗಂಟಲು ಅದನ್ನು ಒಳಗೆ ಬಿಡುವುದೇ ಇಲ್ಲ.

ಇದು ಹಟ ಅಲ್ಲ. ಸದ್ದು, ವಾಸನೆ, ಸ್ಪರ್ಶ ಹೀಗೆ ವಿಪರೀತ ತಟ್ಟುವುದನ್ನು 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ, ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದೆ. ಅದನ್ನು ಓದಿದ ದಿನ ಅತ್ತುಬಿಟ್ಟೆ.

ಆಮೇಲೆ ಒಂದು ತೀರ್ಮಾನ ಮಾಡಿದೆ. ನಾನು ಹೋಗುವುದು ಜನರನ್ನು ನೋಡೋಕೆ. ಊಟ ಬೇರೆ, ಭೇಟಿ ಬೇರೆ. ಹಾಗಾಗಿ ಹೊರಡುವ ಒಂದು ಗಂಟೆ ಮೊದಲೇ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತೇನೆ. ಗಲಾಟೆಯಲ್ಲಿ ನನಗೆ ಹಸಿವು ಗೊತ್ತೇ ಆಗುವುದಿಲ್ಲ. ಕೈ ನಡುಗಲು ಶುರುವಾದ ಮೇಲೆ ಹೊಳೆಯುತ್ತದೆ. ಅದಕ್ಕೇ ಮೊಬೈಲಿನಲ್ಲಿ ಮೂರು ಗಂಟೆಗೊಂದು ಅಲಾರಂ, ಚೀಲದಲ್ಲಿ ನನಗೆ ಒಗ್ಗುವ ತಿಂಡಿಯ ಡಬ್ಬಿ.

ಅಲ್ಲಿ ಏನಾದರೂ ತಿನ್ನಬೇಕು ಅನ್ನಿಸಿದರೆ ಆರಲು ಬಿಡುತ್ತೇನೆ. ಬಿಸಿ ಇದ್ದಷ್ಟೂ ವಾಸನೆ ಜಾಸ್ತಿ ಏಳುತ್ತದೆ, ತಣ್ಣಗಾದರೆ ಎಷ್ಟೋ ವಾಸಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುತ್ತೇನೆ. ಎದುರಿನವರ ಮಾತು ಕೇಳಿಸುತ್ತದೆ, ಪಾತ್ರೆಗಳ ಸದ್ದು ಮಾತ್ರ ಚುಚ್ಚುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಹತ್ತಿರ ಕೂರುತ್ತೇನೆ. ಜನ ಸೇರುವ ಮೊದಲೇ ಹೋಗಿಬಿಟ್ಟರೆ ಸದ್ದು ಒಮ್ಮೆಗೇ ಮೈಮೇಲೆ ಬೀಳುವುದಿಲ್ಲ. ಮರುದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ, ಸುಮ್ನೆ ಮಲಗುತ್ತೇನೆ.

ಇವೆಲ್ಲಕ್ಕಿಂತ ಕಷ್ಟವಾಗಿದ್ದು ಬಾಯಿ ಬಿಟ್ಟು ಹೇಳುವುದು. “ಒಂದೇ ಒಂದು ತುತ್ತು ತಿನ್ನಪ್ಪ” ಅನ್ನುವವರ ಮನಸ್ಸು ನೋಯಿಸುವುದು ಯಾರಿಗೆ ಬೇಕು, ಅಲ್ವಾ? ಎಲ್ಲರ ಮುಂದೆ ಬೇಡ ಅಂದರೆ ಅವರಿಗೂ ಅವಮಾನ. ಅದಕ್ಕೆ ಒಂದು ಸಲ ಹಬ್ಬಕ್ಕೆ ಎರಡು ದಿನ ಮುಂಚೆಯೇ ಫೋನ್ ಮಾಡಿದೆ. “ದೊಡ್ಡಮ್ಮ, ನಿಮ್ಮನ್ನೆಲ್ಲ ನೋಡೋಕೆ ಬರ್ತೀನಿ. ಊಟಕ್ಕೆ ಮಾತ್ರ ಬಲವಂತ ಮಾಡಬೇಡಿ. ನಿಮ್ಮ ಅಡುಗೆ ಚೆನ್ನಾಗಿಲ್ಲ ಅಂತಲ್ಲ, ನನ್ನ ಬಾಯಿಗೆ ಆಗಲ್ಲ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಯಾವುದು ಆಗುತ್ತೆ, ಅದನ್ನು ಹೇಳು” ಅಂದರು.

ಒಂದು ಮಾತು: ತಿನ್ನುವ ಪದಾರ್ಥಗಳು ದಿನೇ ದಿನೇ ಕಡಿಮೆಯಾಗಿ ತೂಕ ಇಳಿಯುತ್ತಿದ್ದರೆ ಇಷ್ಟೇ ಸಾಲದು, ವೈದ್ಯರನ್ನು ಕಾಣಲೇಬೇಕು.

ಆ ಹಬ್ಬಕ್ಕೆ ಹೋದಾಗ ದೊಡ್ಡಮ್ಮ ನನ್ನ ತಟ್ಟೆಯ ಪಕ್ಕ ಒಂದು ಪುಟ್ಟ ಬಟ್ಟಲು ಇಟ್ಟಿದ್ದರು. ಅದರಲ್ಲಿ ಗರಿಗರಿಯಾದದ್ದು ಮಾತ್ರ, ಬೇರೆ ಯಾವುದಕ್ಕೂ ತಾಗದ ಹಾಗೆ. ಪೂರ್ತಿ ತಿಂದೆ.