ಮನೆಗಳ ಹತ್ತಿರದ ಕೆರೆಯಲ್ಲಿ ಮಾದರಿ ದೋಣಿ: ಎಂಜಿನ್ ಸದ್ದನ್ನು ತಗ್ಗಿಸುವ ಕ್ರಮ

ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರದ ಸದ್ದನ್ನು ಕೇಳಿದವರಿಗೆ ರಿಮೋಟಿನಿಂದ ಓಡಿಸುವ 26 ಸಿಸಿಯ ಪೆಟ್ರೋಲ್ ಮಾದರಿ ದೋಣಿಯ ಸದ್ದು ಹೇಗಿರುತ್ತದೆಂದು ಬೇರೆ ವಿವರಿಸಬೇಕಾಗಿಲ್ಲ. ಎರಡೂ ಒಂದೇ ಕುಲದ ಟೂ ಸ್ಟ್ರೋಕ್ ಎಂಜಿನ್‌ಗಳು. ಕಳೆ ಯಂತ್ರ ನಿಮಿಷಕ್ಕೆ ಎಂಟು ಹತ್ತು ಸಾವಿರ ಸುತ್ತು ತಿರುಗಿದರೆ ದೋಣಿಯ ಎಂಜಿನ್ ಹದಿನೈದು ಸಾವಿರವನ್ನೂ ದಾಟುತ್ತದೆ. ಅದರ ಹೊಗೆ ಕೊಳವೆಯ ತುದಿಗೆ ಅನೇಕ ಬಾರಿ ಸೈಲೆನ್ಸರ್ ಕೂಡ ಇರುವುದಿಲ್ಲ. ತೋಟದ ಸದ್ದು ತೋಟದಲ್ಲೇ ಉಳಿಯುತ್ತದೆ. ಬಡಾವಣೆಯ ಪಕ್ಕದ ಕೆರೆಯಲ್ಲಿ ಅದೇ ಸದ್ದು ನೀರಿನ ಮೇಲೆ ಅಡೆತಡೆಯಿಲ್ಲದೆ ಸಾಗಿ ಎದುರು ದಡದ ಮನೆಗಳ ಕಿಟಕಿಯನ್ನು ಮುಟ್ಟುತ್ತದೆ. ನಾನು ದೋಣಿ ಬಿಡುವ ಕೆರೆಯ ಪಕ್ಕದ ಮನೆಯ ಅಜ್ಜಿಯೊಬ್ಬರು ಒಂದು ಸಂಜೆ ಗೇಟಿನವರೆಗೆ ಬಂದು, "ದೋಣಿ ಬಿಡಬೇಡ ಅನ್ನಲ್ಲಪ್ಪ, ಮಗು ಈಗ ತಾನೆ ಕಣ್ಣು ಮುಚ್ಚಿತ್ತು" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಆದ್ದರಿಂದಲೇ ಅದು ನನ್ನನ್ನು ಹೆಚ್ಚು ನಾಟಿತು. ಆ ದಿನದಿಂದ ಮಾಡುತ್ತ ಬಂದ ಕೆಲಸಗಳನ್ನು, ಮೊದಲು ಮಾಡಬೇಕಾದದ್ದನ್ನು ಮೊದಲಿಟ್ಟು, ಇಲ್ಲಿ ಬರೆದಿದ್ದೇನೆ.

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮುನ್ನ ಡೆಸಿಬೆಲ್ ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದು ಅಗತ್ಯ, ಏಕೆಂದರೆ ಯಾವ ಕೆಲಸಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ನಿರ್ಧರಿಸುವುದು ಅದೇ. ಡೆಸಿಬೆಲ್‌ಗಳನ್ನು ನೇರವಾಗಿ ಕೂಡಿಸಲು ಬರುವುದಿಲ್ಲ. ಉದಾಹರಣೆಗೆ ಹೊಗೆ ಕೊಳವೆಯ ಸದ್ದು 90 ಡೆಸಿಬೆಲ್, ಕಾರ್ಬ್ಯುರೇಟರ್ ಗಾಳಿ ಎಳೆಯುವ ಸದ್ದು 80 ಡೆಸಿಬೆಲ್ ಎಂದಿಟ್ಟುಕೊಂಡರೆ ಎರಡೂ ಸೇರಿ ಆಗುವುದು 90.4 ಮಾತ್ರ. ಈಗ ಕಾರ್ಬ್ಯುರೇಟರಿಗೆ ಮುಚ್ಚಳ ಕಟ್ಟಿ ಅದರ ಸದ್ದನ್ನು 70ಕ್ಕೆ ಇಳಿಸಿದರೂ ಒಟ್ಟು ಸದ್ದು 90ರಲ್ಲೇ ನಿಲ್ಲುತ್ತದೆ. ಪಟ್ಟ ಶ್ರಮ ಯಾರ ಕಿವಿಗೂ ಗೊತ್ತಾಗುವುದಿಲ್ಲ. ಅದರ ಬದಲು ಹೊಗೆ ಕೊಳವೆಯ ಸದ್ದನ್ನು 75ಕ್ಕೆ ಇಳಿಸಿದರೆ ಒಟ್ಟು ಸದ್ದು 81ರ ಆಸುಪಾಸಿಗೆ ಬರುತ್ತದೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಕೇಳಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡ ಗೆಲುವೆಂದು ತಿಳಿಯುತ್ತದೆ. ಆದರೆ ಆ ಹಂತದಲ್ಲಿ ಕಾರ್ಬ್ಯುರೇಟರೇ ಮುಖ್ಯ ಸದ್ದಾಗಿರುತ್ತದೆ, ಆಗ ಅದರ ಸರದಿ. ಅಂದರೆ ಪ್ರತಿ ಹಂತದಲ್ಲೂ ಎಲ್ಲಕ್ಕಿಂತ ಜೋರಾದ ಸದ್ದನ್ನು ಹುಡುಕಿ ಅದನ್ನೇ ಹಿಡಿಯಬೇಕು. ಹೆಚ್ಚು ಕಡಿಮೆ ಎಲ್ಲ ದೋಣಿಗಳಲ್ಲೂ ಮೊದಲ ಸ್ಥಾನ ಹೊಗೆ ಕೊಳವೆಯದೇ.

ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೊಮ್ಮೆ ಉರಿಯುವುದರಿಂದ 16,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 267 ಸ್ಫೋಟಗಳಾಗುತ್ತವೆ. 24,000 ಸುತ್ತು ತಿರುಗುವ 3.5 ಸಿಸಿಯ ನೈಟ್ರೋ (ನೈಟ್ರೋಮೀಥೇನ್ ಬೆರೆಸಿದ ಇಂಧನದ) ಎಂಜಿನ್ನಿನಲ್ಲಿ 400. ಈ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು, ಹೀಗೆ ಇನ್ನೂ ಹೆಚ್ಚು ಪಟ್ಟಿನ ಸ್ವರಗಳೂ ಹೊರಬೀಳುತ್ತವೆ. ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ ಆದ್ದರಿಂದ ನೆರೆಯವರನ್ನು ಕೆರಳಿಸುವುದು ಈ ಮೇಲಿನ ಕೀರಲು ಸ್ವರಗಳೇ. ಒಳ್ಳೆಯ ಸೈಲೆನ್ಸರ್ ಮೊದಲು ಕತ್ತರಿಸುವುದೂ ಇವನ್ನೇ.

ವೇಗದ ದೋಣಿಗಳಿಗೆ ಟ್ಯೂನ್ಡ್ ಪೈಪ್ ಎಂಬ, ನಡುವೆ ಉಬ್ಬಿದ ಹೊಗೆ ಕೊಳವೆ ಇರುತ್ತದೆ. ಅದನ್ನು ಸೈಲೆನ್ಸರ್ ಎಂದು ಭಾವಿಸುವುದು ತಪ್ಪು. ಅದರ ಅಗಲವಾಗುತ್ತ ಹೋಗುವ ಭಾಗ ಸಿಲಿಂಡರಿನಿಂದ ಹೊಗೆಯನ್ನು ಸೆಳೆಯುತ್ತದೆ. ಕಿರಿದಾಗುತ್ತ ಹೋಗುವ ಭಾಗದಿಂದ ಮರಳುವ ಒತ್ತಡದ ಅಲೆ ತಪ್ಪಿಸಿಕೊಂಡ ಹೊಸ ಇಂಧನವನ್ನು ಮತ್ತೆ ಒಳಗೆ ತಳ್ಳುತ್ತದೆ. ಅದರ ಕೆಲಸ ಶಕ್ತಿ ಹೆಚ್ಚಿಸುವುದು. ಆದ್ದರಿಂದ ಟ್ಯೂನ್ಡ್ ಪೈಪಿನ ಉದ್ದವನ್ನಾಗಲಿ, ಅದರ ತುದಿಯ ಸಣ್ಣ ನಳಿಕೆಯ ಒಳ ಅಳತೆಯನ್ನಾಗಲಿ ಮುಟ್ಟದೆ, ಆ ನಳಿಕೆಯ ನಂತರ ಪ್ರತ್ಯೇಕ ಸೈಲೆನ್ಸರ್ ಡಬ್ಬಿಯೊಂದನ್ನು ಜೋಡಿಸಬೇಕು. ನಳಿಕೆಯನ್ನು ಕಿರಿದು ಮಾಡಿ ಸದ್ದು ತಗ್ಗಿಸಲು ಹೊರಟವರು ಪಿಸ್ಟನ್ ಸುಟ್ಟುಕೊಳ್ಳುತ್ತಾರೆ. ನಾನೂ ಒಮ್ಮೆ ಸುಟ್ಟುಕೊಂಡಿದ್ದೇನೆ.

ಸಿದ್ಧ ಸೈಲೆನ್ಸರ್ ಸಿಗದಿದ್ದರೆ ಆರ್ಗಾನ್ ವೆಲ್ಡಿಂಗ್ ಇರುವ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ನನ್ನ 26 ಸಿಸಿ ಎಂಜಿನ್ನಿಗೆ ಸುಮಾರು 400 ಮಿಲಿಲೀಟರ್ ಹಿಡಿಯುವ, ತಂಪು ಪಾನೀಯದ ಡಬ್ಬಿಗಿಂತ ತುಸು ದೊಡ್ಡದಾದ ಸ್ಟೇನ್‌ಲೆಸ್ ಡಬ್ಬಿಯನ್ನು ಮಾಡಿಸಿದೆ. ಒಳಗೆ ಅಡ್ಡ ತಗಡೊಂದನ್ನು ಕೂರಿಸಿ ಎರಡು ಕೋಣೆ ಮಾಡಿದ್ದು, ಒಳಬರುವ ನಳಿಕೆ, ನಡುವಿನ ನಳಿಕೆ ಮತ್ತು ಹೊರಹೋಗುವ ನಳಿಕೆಗಳು ಒಂದೇ ನೇರದಲ್ಲಿ ಬಾರದಂತೆ ಇಟ್ಟಿದೆ. ಸದ್ದು ನೇರ ದಾರಿ ಸಿಗದೆ ತಿರುತಿರುಗಿ ಹೋಗುವಾಗ ಅದರ ಬಲ ಕುಗ್ಗುತ್ತದೆ. ಇಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಒಂದು ಲೆಕ್ಕ ಮಾಡಲೇಬೇಕು. ಟ್ಯೂನ್ಡ್ ಪೈಪಿನ ತುದಿಯ ಒಳವ್ಯಾಸ 12 ಮಿಲಿಮೀಟರ್ ಇದ್ದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 113 ಚದರ ಮಿಲಿಮೀಟರ್. ಡಬ್ಬಿಯಿಂದ ಹೊರಹೋಗುವ ದಾರಿಯ ಒಟ್ಟು ವಿಸ್ತೀರ್ಣ ಇದಕ್ಕಿಂತ ಕಡಿಮೆಯಾಗಬಾರದು. ಎರಡು 8 ಮಿಲಿಮೀಟರ್ ನಳಿಕೆಗಳನ್ನು ಇಟ್ಟರೆ 100 ಮಾತ್ರ ಆಗುತ್ತದೆ, ಅದು ಸಾಲದು. ಎರಡು 9 ಮಿಲಿಮೀಟರ್ ನಳಿಕೆಗಳು 127 ಕೊಡುತ್ತವೆ, ಅದು ಸಾಕು. ಒಂದು ಮಿಲಿಮೀಟರಿನ ಈ ವ್ಯತ್ಯಾಸವನ್ನು ಲೇತ್ ಅಂಗಡಿಯವರಿಗೆ ಕಾಗದದ ಮೇಲೆ ಬರೆದುಕೊಡುವುದು ಒಳಿತು.

ಎಂಜಿನ್ನನ್ನು ತಣಿಸಿ ಹೊರಬರುವ ನೀರನ್ನು ಸುಮ್ಮನೆ ಪಕ್ಕಕ್ಕೆ ಚೆಲ್ಲುವ ಬದಲು ಸಿಲಿಕೋನ್ ಪೈಪಿನ ಮೂಲಕ ಈ ಡಬ್ಬಿಯೊಳಗೆ ಬಿಟ್ಟರೆ ಸದ್ದು ಇನ್ನಷ್ಟು ಮೆತ್ತಗಾಗುತ್ತದೆ. ನೀರು ಕಾದ ಹೊಗೆಯ ಶಾಖವನ್ನು ಹೀರಿ ಆವಿಯಾಗುತ್ತದೆ, ಹೊಗೆ ತಣಿದು ಕುಗ್ಗುತ್ತದೆ, ಒತ್ತಡದ ಬಡಿತಗಳ ಚೂಪು ಹೋಗುತ್ತದೆ. ಆದರೆ ನೀರು ಸೇರುವ ಜಾಗ ಟ್ಯೂನ್ಡ್ ಪೈಪಿನ ನಳಿಕೆ ಮುಗಿದ ನಂತರವೇ ಇರಬೇಕು. ಅದಕ್ಕೂ ಮುಂಚೆ ನೀರು ಬಿಟ್ಟರೆ ಪೈಪಿನೊಳಗಿನ ಅಲೆಯ ವೇಗ ಬದಲಾಗಿ ಎಂಜಿನ್ನಿನ ಹದ ಕೆಡುತ್ತದೆ. ಡಬ್ಬಿಯು ದೋಣಿಯ ಹಿಂಭಾಗದ ಕಡೆಗೆ ಇಳಿಜಾರಾಗಿ ಕೂರಬೇಕು. ಇಲ್ಲವಾದರೆ ಎಂಜಿನ್ ನಿಂತಾಗಲೋ ದೋಣಿ ಮಗುಚಿದಾಗಲೋ ಒಳಗಿದ್ದ ನೀರು ಹಿಂದಕ್ಕೆ ಹರಿದು ಸಿಲಿಂಡರ್ ಸೇರುತ್ತದೆ. ಹೊಗೆಯ ಬಾಯಿಯನ್ನು ಪೂರ್ತಿ ನೀರಿನಡಿ ಮುಳುಗಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ದೋಣಿ ನಿಧಾನವಾಗಿ ಹೋಗುವಾಗ ಹಿಮ್ಮೊಗದ ಒತ್ತಡ ಹೆಚ್ಚಿ ಎಂಜಿನ್ ಉಸಿರುಗಟ್ಟಿ ನಿಲ್ಲುವುದನ್ನು ನೋಡಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಹೊಗೆ ಕೊಳವೆಯ ಸದ್ದು ಅಡಗಿದ ಮೇಲೆ ಕಾರ್ಬ್ಯುರೇಟರಿನ ಗೊರಗೊರ ಸದ್ದು ಮೇಲೆ ಕೇಳತೊಡಗುತ್ತದೆ. ಗಾಳಿ ಬಾಯಿಯ ಸುತ್ತ ಚಿಕ್ಕ ಪೆಟ್ಟಿಗೆ ಕಟ್ಟಿ, ಪೆಟ್ರೋಲಿಗೆ ಕರಗದ ಫೋಮನ್ನು ಒಳಗೆ ಅಂಟಿಸಿ, ಗಾಳಿ ಬರುವ ಕಂಡಿಯನ್ನು ದೋಣಿಯ ಮುಂಭಾಗಕ್ಕೆ ತಿರುಗಿಸಿದರೆ ಸಾಕು. ಗಾಳಿಯ ದಾರಿ ಸ್ವಲ್ಪ ಬಿಗಿಯಾಗುವುದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಪೆಟ್ರೋಲಿನ ಹರಿವನ್ನು ಹೆಚ್ಚು ಕಡಿಮೆ ಮಾಡುವ ತಿರುಪಾದ ನೀಡಲನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಬಿಗಿ ಮಾಡಿ, ಒಂದು ಸುತ್ತು ಓಡಿಸಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಮುಂದುವರಿಯಬೇಕು. ತಿಳಿ ಕಂದು ಬಣ್ಣ ಸರಿಯಾದ ಹದದ ಗುರುತು. ಬಿಳಿಚಿಕೊಂಡಿದ್ದರೆ ಕೂಡಲೇ ಹಿಂದಕ್ಕೆ ತಿರುಗಿಸಬೇಕು.

ಇನ್ನು ಹೆಚ್ಚಿನವರು ಗಮನಿಸದ ಸಂಗತಿ ದೋಣಿಯ ಒಡಲು. ಎಂಜಿನ್ ಓಡುತ್ತಿರುವಾಗ ಫೈಬರ್ ಒಡಲಿನ ಮೇಲ್ಭಾಗದಲ್ಲಿ, ಪ್ರೊಪೆಲ್ಲರಿನಿಂದ ದೂರದಲ್ಲಿ, ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ನೋಡಿ: ಬೆರಳ ತುದಿಗಳು ಜುಮ್ಮೆನ್ನುತ್ತವೆ. ಎಂಜಿನ್ನಿನ ಅದುರನ್ನು ತೆಳುವಾದ ಫೈಬರ್ ಎತ್ತಿಕೊಂಡು ತಮಟೆಯ ಚರ್ಮದಂತೆ ಗಾಳಿಗೆ ಬಿಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಎಂಜಿನ್ನನ್ನು ಕೂರಿಸುವ ನಾಲ್ಕು ಕಡೆಯೂ ಗಟ್ಟಿ ರಬ್ಬರ್ ಬುಷ್ ಹಾಕಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಎಂಜಿನ್ನಿನ ಕೆಳಗೆ ರಬ್ಬರ್ ವಾಷರ್ ಇಟ್ಟು, ಬೋಲ್ಟನ್ನು ಮಾತ್ರ ಲೋಹಕ್ಕೆ ಲೋಹ ತಾಗುವಂತೆ ಬಿಗಿಯುವುದು. ಅದುರು ಬೋಲ್ಟಿನ ಮೂಲಕವೇ ದಾಟುವುದರಿಂದ ಆ ರಬ್ಬರ್ ಇದ್ದರೂ ಇಲ್ಲದಂತೆ. ಬೋಲ್ಟಿನ ತಲೆಯ ಕೆಳಗೂ ಅದರ ತೂತಿನ ಸುತ್ತಲೂ ರಬ್ಬರ್ ಇರಬೇಕು. ಹಾಗೆಂದು ಮೆತ್ತನೆಯ ರಬ್ಬರ್ ಬಳಸಿದರೆ ಎಂಜಿನ್ ಅಲುಗಾಡಿ ಫ್ಲೆಕ್ಸ್ ಶಾಫ್ಟ್ (ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ತಿರುಗುವಿಕೆಯನ್ನು ಒಯ್ಯುವ ಬಳುಕುವ ದಂಡ) ಸೊಟ್ಟಗಾಗುತ್ತದೆ, ಅದರಿಂದ ಹೊಸದೊಂದು ಕರಕರ ಸದ್ದು ಹುಟ್ಟಿಕೊಳ್ಳುತ್ತದೆ. ಶಾಫ್ಟಿಗೆ ಪ್ರತಿ ಸಲವೂ ಗ್ರೀಸ್ ಹಚ್ಚುವುದನ್ನು ಮರೆಯಬಾರದು.

ಒಡಲಿನ ಒಳಗಿನ ದೊಡ್ಡ ಚಪ್ಪಟೆ ಜಾಗಗಳಿಗೆ, ಕಾರಿನ ಬಾಗಿಲೊಳಗೆ ಸದ್ದಡಗಿಸಲು ಅಂಟಿಸುವ ಟಾರಿನ ಹಾಳೆಯ ತುಂಡುಗಳನ್ನು ಅಂಟಿಸಬಹುದು. ಎಲ್ಲ ಕಡೆ ಹಚ್ಚಿ ದೋಣಿಯನ್ನು ಭಾರ ಮಾಡಬೇಕಾಗಿಲ್ಲ, ಪ್ರತಿ ಚಪ್ಪಟೆ ಭಾಗದ ಅರ್ಧದಷ್ಟು ಸಾಕು. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಬೆರಳಗಂಟಿನಿಂದ ಒಡಲನ್ನು ತಟ್ಟಿ ನೋಡಿ. ಮೊದಲು ಟಣ್ ಎನ್ನುತ್ತಿದ್ದ ಜಾಗ ಹಣ್ಣಾದ ಹಲಸಿನಂತೆ ಡಬ್ ಎಂದರೆ ಕೆಲಸ ಆಗಿದೆ. ಮೇಲಿನ ಮುಚ್ಚಳದ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ, ಆದರೆ ಎಂಜಿನ್ನಿಗೆ ಬೇಕಾದ ಗಾಳಿಯ ದಾರಿಯನ್ನು ಮಾತ್ರ ಮುಚ್ಚಬೇಡಿ.

ಪ್ರೊಪೆಲ್ಲರನ್ನು ತುಸು ದೊಡ್ಡದಕ್ಕೆ ಬದಲಿಸಿ ಎಂಜಿನ್ನಿನ ಸುತ್ತುಗಳನ್ನು ಇಳಿಸುವುದೂ ಒಂದು ದಾರಿ. ವೇಗ ಹೆಚ್ಚು ಕಳೆಯದೆ ಸ್ವರ ಇಳಿಯುತ್ತದೆ, ಎಂಜಿನ್ ಕಾಯುವುದನ್ನು ಮಾತ್ರ ಗಮನಿಸುತ್ತಿರಬೇಕು.

ಈಗ ಅಳತೆಯ ಮಾತು. ಮೊಬೈಲಿನ ಸದ್ದಳೆಯುವ ಆಪ್ ನಿಖರವಾದ ಅಂಕಿ ಕೊಡದಿದ್ದರೂ, ಅದೇ ಮೊಬೈಲನ್ನು ಅದೇ ಜಾಗದಲ್ಲಿ ಹಿಡಿದರೆ ಹಿಂದಿನದಕ್ಕೂ ಇಂದಿನದಕ್ಕೂ ಇರುವ ಅಂತರವನ್ನು ತಕ್ಕಮಟ್ಟಿಗೆ ತೋರಿಸುತ್ತದೆ. ಬ್ರಿಟನ್ನಿನಲ್ಲಿ ಮಾದರಿ ವಿಮಾನಗಳಿಗಾಗಿ 1982ರಲ್ಲಿ ಹೊರಡಿಸಿದ ಸಂಹಿತೆಯಲ್ಲಿ 7 ಮೀಟರ್ ದೂರದಲ್ಲಿ 82 ಡೆಸಿಬೆಲ್ ಎಂಬ ಮಿತಿ ಇತ್ತು. ದೋಣಿಗೂ ಅದನ್ನೇ ಗುರಿಯಾಗಿ ಇಟ್ಟುಕೊಳ್ಳಬಹುದೆಂದು ನನ್ನ ಅಭಿಪ್ರಾಯ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುವುದರಿಂದ 7 ಮೀಟರಿನಲ್ಲಿ 82 ಇದ್ದದ್ದು 28 ಮೀಟರಿನಲ್ಲಿ 70, 112 ಮೀಟರಿನಲ್ಲಿ 58, 224 ಮೀಟರಿನಲ್ಲಿ 52 ಆಗುತ್ತದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂದು ನಿಗದಿ ಮಾಡಿವೆ. ಅದು ಸರಾಸರಿಯ ಲೆಕ್ಕವೇನೋ ನಿಜ, ಆದರೆ ಸರಾಸರಿಯ ಹೆಸರು ಹೇಳಿ ಕೀರಲು ಸದ್ದನ್ನು ಸಮರ್ಥಿಸಿಕೊಳ್ಳುವುದು ಸರಿಯಲ್ಲ. ಚೆನ್ನಾಗಿ ಸದ್ದಡಗಿಸಿದ ಪೆಟ್ರೋಲ್ ದೋಣಿಗೂ ಮನೆಗಳಿಂದ ಸುಮಾರು 200 ಮೀಟರ್ ಅಂತರ ಬೇಕೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಎಂಜಿನ್ ದೋಣಿಯ ಯೋಚನೆಯನ್ನೇ ಮಾಡಬಾರದು. ಮನೆಗಳು ನೂರು ಮೀಟರಿನ ಒಳಗಿದ್ದರೆ ಬ್ಯಾಟರಿಯಿಂದ ನಡೆಯುವ ಬ್ರಷ್‌ಲೆಸ್ ಮೋಟಾರಿನ ದೋಣಿಯನ್ನೇ ಬಿಡಿ. ಅಲ್ಲಿ ಯಾವ ಸೈಲೆನ್ಸರಿಗೂ ಕೈಲಾಗದು.

ಜಾಗದ ಆಯ್ಕೆಯಲ್ಲಿ ಕೆರೆಯ ಏರಿ ನಮ್ಮ ಪಾಲಿನ ದೊಡ್ಡ ನೆರವು. ಏರಿಯ ಹಿಂದೆ, ಹಿಂದೊಮ್ಮೆ ಗದ್ದೆಯಿದ್ದ ತಗ್ಗಿನಲ್ಲಿ ಎದ್ದಿರುವ ಮನೆಗಳಿಗೆ ಮಣ್ಣಿನ ಏರಿಯೇ ಅಡ್ಡಗೋಡೆಯಾಗುತ್ತದೆ. ದೋಣಿ ಕಣ್ಣಿಗೆ ಕಾಣದಿದ್ದರೆ ಸದ್ದು ಐದಾರು ಡೆಸಿಬೆಲ್ ಆದರೂ ಇಳಿದಿರುತ್ತದೆ. ಅದೇ ಮನೆಯ ಎರಡನೇ ಮಹಡಿಯಿಂದ ನೀರು ಕಾಣುವುದಾದರೆ ಆ ಲಾಭ ಅಲ್ಲಿಗಿಲ್ಲ. ದಡದ ಒಂದು ಸಾಲು ಮರಗಳು ಸದ್ದನ್ನು ತಡೆಯುತ್ತವೆ ಎಂಬ ನಂಬಿಕೆ ಮಾತ್ರ ಹುಸಿ. ಆದ್ದರಿಂದ ದೋಣಿಯ ಓಟವನ್ನು ಏರಿಯ ಬದಿಗೆ ಇಟ್ಟು, ಎದುರು ದಡದ ಮನೆಗಳಿಂದ ಆದಷ್ಟು ದೂರ ಉಳಿಯಬೇಕು.

ಹೊತ್ತಿನ ವಿಚಾರದಲ್ಲಿ ನಮ್ಮ ಆಸೆಗೂ ನೆರೆಯವರ ನೆಮ್ಮದಿಗೂ ನೇರ ವಿರೋಧವಿದೆ. ನೀರು ಕನ್ನಡಿಯಂತೆ ನಿಂತಿರುವ ಮುಂಜಾವು ದೋಣಿಗೆ ಅತ್ಯುತ್ತಮ ಸಮಯ. ಆದರೆ ಆಗ ನೀರಿನ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲಿನ ಗಾಳಿ ಬೆಚ್ಚಗಿರುವುದರಿಂದ ಸದ್ದು ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗಿ ಬಹುದೂರ ಸಾಗುತ್ತದೆ. ಬಿಸಿಲೇರಿ ಗಾಳಿ ಆಡತೊಡಗಿದ ಮೇಲೆ, ಹತ್ತೂವರೆಯಿಂದ ಹನ್ನೆರಡೂವರೆಯ ನಡುವೆ, ಗಾಳಿ ಮನೆಗಳ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿರುವಾಗ ಬಿಡುವುದು ಲೇಸು. ಹತ್ತು ನಿಮಿಷ ಓಡಿಸಿ ಇಪ್ಪತ್ತು ನಿಮಿಷ ಬಿಡುವು ಕೊಡಿ. ಪರೀಕ್ಷೆಯ ತಿಂಗಳಲ್ಲಿ ಎಂಜಿನ್ ದೋಣಿ ಬೇಡ.

ಕೆರೆಯ ಉಸ್ತುವಾರಿ ಇರುವ ಪಂಚಾಯಿತಿ, ನಗರಸಭೆ ಅಥವಾ ಇಲಾಖೆಯಿಂದ ಅನುಮತಿ ಪಡೆದ ಮೇಲೂ ಹತ್ತಿರದ ಮನೆಗಳಿಗೆ ಒಮ್ಮೆ ಹೋಗಿ ಬರಬೇಕು. ನಾನು ಆ ಅಜ್ಜಿಯ ಮನೆಗೆ ಹೋಗಿ, ಗೇಟಿನ ಬಳಿ ಅವರನ್ನು ನಿಲ್ಲಿಸಿಕೊಂಡು, ಗೆಳೆಯನಿಗೆ ಫೋನ್ ಮಾಡಿ ದೋಣಿ ಬಿಡಿಸಿದೆ. ಸೈಲೆನ್ಸರ್ ಹಾಕಿದ ಮೇಲಿನ ಸದ್ದನ್ನು ಅವರು ತಲೆ ಓರೆ ಮಾಡಿ ಕೇಳಿ, "ಇದು ಪರವಾಗಿಲ್ಲಪ್ಪ, ಆದ್ರೆ ಆ ಕಡೆ ತಿರುಗುವಾಗ ಕಿರ್ ಅನ್ನುತ್ತೆ" ಎಂದರು. ಹೋಗಿ ನೋಡಿದರೆ ಡಬ್ಬಿಯನ್ನು ಪೈಪಿಗೆ ಸೇರಿಸುವ ಸಿಲಿಕೋನ್ ತೋಳು ಒಂದು ಬದಿಯಲ್ಲಿ ಸೀಳಿತ್ತು, ತಿರುವಿನಲ್ಲಿ ದೋಣಿ ವಾಲಿದಾಗ ಆ ಸೀಳು ಬಾಯಿ ತೆರೆಯುತ್ತಿತ್ತು. ಆ ತೋಳನ್ನು ಈಗ ಪ್ರತಿ ಓಟದ ಮುನ್ನ ಬೆರಳಿನಿಂದ ಸವರಿ ನೋಡುತ್ತೇನೆ, ಬಿರುಕು ಕಂಡರೆ ಅಲ್ಲೇ ಬದಲಿಸಲು ಇನ್ನೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತೇನೆ.